ಕಿವಿಯ ಬಳಿಯ ಬಿಳಿಗೂದಲು

ರಾಯಚೂರು ಜಿಲ್ಲೆಯ ದೇವದುರ್ಗ ತಾಲ್ಲೂಕಿನಲ್ಲಿ, ಕೃಷ್ಣೆಯ ದಂಡೆಯ ಮೇಲೆ, ಗೂಗಲ್ ಎಂಬ ಊರೊಂದಿದೆ. ಅಲ್ಲಮಪ್ರಭುವಿನ ಗುಡಿಯಿಂದಲೂ ಹೊಳೆಗೆ ಅಡ್ಡಲಾಗಿ ಕಟ್ಟಿದ ಬ್ಯಾರೇಜಿನಿಂದಲೂ ಸುತ್ತಿನ ಜನಕ್ಕೆ ಪರಿಚಿತವಾದ ಊರು. ೧೯೯೮ರಲ್ಲಿ ಅಮೆರಿಕದ ಕಂಪನಿಯೊಂದು ಅದೇ ಉಚ್ಚಾರದ ಹೆಸರನ್ನಿಟ್ಟುಕೊಂಡು, ಲೋಕದವರ ಪ್ರಶ್ನೆಗಳಿಗೆಲ್ಲ ಉತ್ತರ ಹುಡುಕಿಕೊಡಲು ಹೊರಟಿತು. ಈಗ ಈ ಊರಿನವರು ಪರಸ್ಥಳದಲ್ಲಿ "ನಮ್ಮೂರು ಗೂಗಲ್" ಎಂದರೆ ಕೇಳಿದವರು ಮೊದಲು ನಗುತ್ತಾರೆ, ಆಮೇಲೆ ನಂಬುತ್ತಾರೆ.

ಮನೆಯಲ್ಲಿ ಯಾರ ಮುಂದೆಯೂ ಬಾಯಿಬಿಡಲಾಗದ ಪ್ರಶ್ನೆಗಳನ್ನು ಆ ಯಂತ್ರದ ಗೂಗಲ್ಲಿಗೆ ಒಪ್ಪಿಸುವುದು ಇಂದಿನ ರೂಢಿಯಾಗಿದೆ. "ತಲೆಗೆ ಬಣ್ಣ ಹಚ್ಚುವುದನ್ನು ನಿಲ್ಲಿಸಿಬಿಟ್ಟರೆ ಏನಾದೀತು?" ಎಂಬುದು ಅಂಥ ಪ್ರಶ್ನೆಗಳಲ್ಲೊಂದು. ಯಂತ್ರವು ಕ್ಷಣಮಾತ್ರದಲ್ಲಿ ಉತ್ತರಗಳ ರಾಶಿ ಹಾಕುತ್ತದೆ; ಜೊತೆಗೆ ಹೊಸ ಬಣ್ಣದ ಜಾಹೀರಾತುಗಳನ್ನೂ ತೋರಿಸುತ್ತದೆ! ಈ ವಾರ ನಾವು ಹೊಳೆದಂಡೆಯ ಗೂಗಲ್ಲಿನ ಸೀಮೆಯಲ್ಲಿಯೇ ನಿಂತು ಆ ಪ್ರಶ್ನೆಗೆ ಉತ್ತರ ಹುಡುಕೋಣ. ಅದು ಕೂದಲಿನ ಪ್ರಶ್ನೆಯಂತೆ ಕಂಡರೂ ನಿಜವಾಗಿ ಮನೆಯ ಪ್ರಶ್ನೆ. ಮನೆಯವರ ನಾಲಗೆಯ ಪ್ರಶ್ನೆ.

ನಮ್ಮ ಹಿರಿಯರು ನರೆಯನ್ನು ಹೇಗೆ ಕಂಡರೆಂಬುದನ್ನು ಮೊದಲು ನೋಡೋಣ. ಬೌದ್ಧರ ಜಾತಕ ಕಥೆಗಳಲ್ಲಿ ಮಖಾದೇವನೆಂಬ ರಾಜನ ಕಥೆಯೊಂದಿದೆ. "ನನ್ನ ತಲೆಯಲ್ಲಿ ಬಿಳಿಗೂದಲು ಕಂಡ ದಿನ ನನಗೆ ತಿಳಿಸು" ಎಂದು ಆತನು ತನ್ನ ಕ್ಷೌರಿಕನಿಗೆ ಹೇಳಿಟ್ಟಿದ್ದನಂತೆ. ಆ ದಿನ ಬಂದಾಗ ಕ್ಷೌರಿಕನು ಚಿನ್ನದ ಚಿಮುಟದಿಂದ ಆ ಒಂದು ಕೂದಲನ್ನು ಕಿತ್ತು ಅರಸನ ಅಂಗೈಯಲ್ಲಿಟ್ಟನು. ಅರಸನು ಅವನಿಗೆ ಒಂದು ಗ್ರಾಮವನ್ನೇ ಉಂಬಳಿಯಾಗಿ ಕೊಟ್ಟು, ಮಗನಿಗೆ ರಾಜ್ಯವನ್ನೊಪ್ಪಿಸಿ, ತಪಸ್ಸಿಗೆ ನಡೆದನು. ಕಾಳಿದಾಸನು ರಘುವಂಶದಲ್ಲಿ ದಶರಥನ ಕಿವಿಯ ಬಳಿ ನರೆಯ ವೇಷದಿಂದ ಮುಪ್ಪನ್ನು ತಂದು ನಿಲ್ಲಿಸಿ, ರಾಮನಿಗೆ ಪಟ್ಟಕಟ್ಟೆಂದು ಅದರಿಂದ ಗುಟ್ಟಿನಲ್ಲಿ ಹೇಳಿಸುತ್ತಾನೆ. ಎರಡೂ ಕಥೆಗಳಲ್ಲಿ ನರೆಯು ಶತ್ರುವಲ್ಲ, ದೂತ. ಸುದ್ದಿ ತಂದವನಿಗೆ ಬಹುಮಾನ ಸಲ್ಲುತ್ತದೆ.

ಇಂದಿನ ಕ್ಷೌರಿಕನ ಕಥೆ ಬೇರೆ. ಗಿರಾಕಿಯ ಕಿವಿಯ ಬಳಿ ಬಿಳಿಗೂದಲು ಕಂಡೊಡನೆ ಆತನ ಕೈ ಬಣ್ಣದ ಬಟ್ಟಲಿಗೆ ಹೋಗುತ್ತದೆ. ದೂತನು ಬಾಯಿ ತೆರೆಯುವುದಕ್ಕೆ ಮೊದಲೇ ಅವನ ಮುಖಕ್ಕೆ ಕಪ್ಪು ಬಳಿದಾಯಿತು.

ಕೂದಲಿಗೆ ಬಣ್ಣ ಕೊಡುವುದು ಹೊಸತೆಂದು ಮಾತ್ರ ಯಾರೂ ತಿಳಿಯಬಾರದು. ಮದರಂಗಿಯ ಎಲೆಯನ್ನೂ ನೀಲಿಗಿಡದ ಎಲೆಯನ್ನೂ ಅರೆದು ತಲೆಗೆ ಮೆತ್ತುವುದು ಬಹು ಹಿಂದಿನ ಪದ್ಧತಿ. ಬರಿಯ ಮದರಂಗಿಯಿಂದ ಬಿಳಿಗೂದಲು ಕೆಂಪಾಗುತ್ತದೆ. ಅದರ ಮೇಲೆ ನೀಲಿ ಹಚ್ಚಿದರೆ ಕಪ್ಪಾಗುತ್ತದೆ. ೧೯೫೬ರ ವರೆಗೆ ಹೈದರಾಬಾದು ರಾಜ್ಯಕ್ಕೆ ಸೇರಿದ್ದ ರಾಯಚೂರಿಗೆ "ಖಿಜಾಬ್" ಎಂಬ ಉರ್ದು ಮಾತು ಅಪರಿಚಿತವಲ್ಲ. ಆದರೆ ಇಂದು ಅಂಗಡಿಯ ಬಾಗಿಲಲ್ಲಿ ಸಣ್ಣ ಪೊಟ್ಟಣಗಳಲ್ಲಿ ತೂಗಾಡುವ ಕಪ್ಪು ಬಣ್ಣದ ಮೂಲ ಎಲೆಯಲ್ಲ, ರಸಾಯನಶಾಲೆ. ಪ್ಯಾರಾಫಿನೈಲೀನ್ ಡೈಅಮೀನ್ ಎಂಬ ಪದಾರ್ಥವು ಬಣ್ಣ ಕೊಡಬಲ್ಲುದೆಂದು ೧೮೬೩ರಲ್ಲಿ ಹಾಫ್‌ಮನ್ನನೆಂಬ ಜರ್ಮನ್ ವಿಜ್ಞಾನಿ ಕಂಡನು. ೧೮೮೩ರಲ್ಲಿ ಫ್ರಾನ್ಸಿನಲ್ಲಿ ಅದನ್ನು ಕೂದಲಿಗೆ ಬಳಸುವ ವಿಧಾನಕ್ಕೆ ಪೇಟೆಂಟು ದೊರೆಯಿತು. ೧೯೦೯ರಲ್ಲಿ ಯೂಜೀನ್ ಶುಲರ್ ಎಂಬ ಫ್ರೆಂಚ್ ರಸಾಯನಶಾಸ್ತ್ರಜ್ಞನು ಕೂದಲ ಬಣ್ಣ ಮಾರಲು ಸ್ಥಾಪಿಸಿದ ಸಣ್ಣ ಕಂಪನಿಯೇ ಮುಂದೆ ಲೋರಿಯಲ್ ಎಂದು ಜಗತ್ಪ್ರಸಿದ್ಧವಾಯಿತು.

ಈ ಬಣ್ಣವು ಕೆಲಸ ಮಾಡುವ ಬಗೆ ಸ್ವಾರಸ್ಯಕರವಾದುದು. ಹಚ್ಚುವಾಗ ಅದರ ಕಣಗಳು ಬಹು ಸಣ್ಣವು. ಕೂದಲಿನ ಹೊರಪದರವನ್ನು ದಾಟಿ ಸುಲಭವಾಗಿ ಒಳಹೊಗುತ್ತವೆ. ಜೊತೆಗೆ ಕಲಸಿದ ಹೈಡ್ರೋಜನ್ ಪೆರಾಕ್ಸೈಡಿನ ದೆಸೆಯಿಂದ ಅವು ಒಳಗೆ ಒಂದಕ್ಕೊಂದು ಕೂಡಿ ದೊಡ್ಡವಾಗುತ್ತವೆ, ಬಣ್ಣ ತಳೆಯುತ್ತವೆ, ಹೊರಬರಲಾರದೆ ಅಲ್ಲಿಯೇ ಉಳಿಯುತ್ತವೆ. ಆದುದರಿಂದ ಎಷ್ಟು ಸೀಗೆಕಾಯಿ ತಿಕ್ಕಿದರೂ ಆ ಕಪ್ಪು ಹೋಗುವುದಿಲ್ಲ. ಆದರೆ ಚರ್ಮದ ಕೆಳಗಿರುವ ಬೇರಿಗೆ ಈ ಬಣ್ಣ ತಾಕದು. ಅಲ್ಲಿ ಹೊಸ ಕೂದಲು ತನ್ನ ಪಾಡಿಗೆ ತಾನು ಬೆಳ್ಳಗೆ ಹುಟ್ಟುತ್ತಲೇ ಇರುತ್ತದೆ. ಮೂರು ವಾರಕ್ಕೊಮ್ಮೆ ಬೈತಲೆಯಲ್ಲಿ ಬೆಳ್ಳಿಯ ಗೆರೆ ಮೂಡುವುದು ಇದರಿಂದಲೇ.

ಇನ್ನು ತಾಪತ್ರಯದ ಮಾತು. ದೇವದುರ್ಗದ ಕಡೆಯಿಂದ ಬಂದು ರಾಯಚೂರಿನಲ್ಲಿ ನೆಲೆಸಿದ ಉಪಾಧ್ಯಾಯಿನಿಯೊಬ್ಬರು ನನಗೆ ಪರಿಚಿತರು. ಮೂವತ್ತೆಂಟನೆಯ ವಯಸ್ಸಿನಲ್ಲಿ ಬಣ್ಣ ಹಚ್ಚಲಾರಂಭಿಸಿದವರು ಹದಿನಾಲ್ಕು ವರ್ಷ ಒಂದು ತಿಂಗಳೂ ತಪ್ಪಿಸಲಿಲ್ಲ. ಹದಿಮೂರನೆಯ ವರ್ಷ ಕಿವಿಯ ಹಿಂದೆ ತುರಿಕೆ ಆರಂಭವಾಯಿತು. ಬೇಸಗೆಯ ಸೆಕೆಯೆಂದುಕೊಂಡರು. ರಾಯಚೂರಿನ ಬೇಸಗೆಯನ್ನು ಕಂಡವರಾರೂ ಆ ತರ್ಕವನ್ನು ಅಲ್ಲಗಳೆಯಲಾರರು! ಮರುವರ್ಷ ಒಂದು ಭಾನುವಾರ ಬಣ್ಣ ಹಚ್ಚಿಕೊಂಡವರು ಮಂಗಳವಾರ ಬೆಳಗ್ಗೆ ಏಳುವಷ್ಟರಲ್ಲಿ ಕಣ್ಣುರೆಪ್ಪೆಗಳು ಬಾತು ಕಣ್ಣು ತೆರೆಯದಂತಾಗಿತ್ತು. ಚರ್ಮವೈದ್ಯರು ನೋಡಿ, "ಇನ್ನು ಈ ಬಣ್ಣ ನಿಮಗೆ ಕೂಡದು" ಎಂದರು. ಆ ತಾಯಿ ಆಗ ಕೇಳಿದ ಪ್ರಶ್ನೆ, "ಕಣ್ಣಿಗೇನೂ ಆಗುವುದಿಲ್ಲವಷ್ಟೆ?" ಎಂಬುದಾಗಿರಲಿಲ್ಲ. "ವೈಶಾಖದಾಗ ಮಗನ ಮದುವಿ ಐತ್ರೀ ಡಾಕ್ಟ್ರೇ, ಅಲ್ಲೀತನಕ ಒಂದೆರಡು ಸಲ ಹಚ್ಚಿದ್ರ ನಡೀತದೇನ್ರೀ?" ಎಂದು ಕೇಳಿದರಂತೆ.

ಈ ಪ್ರಶ್ನೆಯನ್ನು ಕೇಳಿ ನಗುವುದು ಸುಲಭ. ಆದರೆ ಅದರ ಹಿಂದಿರುವ ಭಯವು ನಗುವಂಥದಲ್ಲ. ಹದಿಮೂರು ವರ್ಷ ಒಗ್ಗಿದ ಬಣ್ಣ ಹದಿನಾಲ್ಕನೆಯ ವರ್ಷ ಒಗ್ಗದಿರುವುದು ಅಸಹಜವೇನಲ್ಲ. ದೇಹವು ಆ ಪದಾರ್ಥವನ್ನು ಒಮ್ಮೆ ವೈರಿಯೆಂದು ಗುರುತಿಸಿತೆಂದರೆ ಮತ್ತೆ ಮರೆಯುವುದಿಲ್ಲ. ಪ್ರತಿಸಲವೂ ಅದರ ಮುನಿಸು ಹೆಚ್ಚಬಹುದು. ಚರ್ಮದ ಅಲರ್ಜಿಗಳನ್ನು ಅಭ್ಯಸಿಸುವ ಅಮೆರಿಕದ ವೈದ್ಯರ ಸಂಘವು ೨೦೦೬ರಲ್ಲಿ ಈ ಪದಾರ್ಥವನ್ನೇ "ವರ್ಷದ ಅಲರ್ಜಿಕಾರಕ" ಎಂದು ಹೆಸರಿಸಿತು. "ಕಪ್ಪು ಮೆಹಂದಿ" ಎಂಬ ಹೆಸರಿನಲ್ಲಿ ಮಾರುವ ಪುಡಿಗಳಲ್ಲಿಯೂ ಇದು ಬೆರೆತಿರುವುದುಂಟು. ಆದುದರಿಂದ ಮೆಹಂದಿಯೆಂಬ ಒಂದು ಮಾತಿಗೆ ಮೋಸಹೋಗದೆ ಪೊಟ್ಟಣದ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಬೇಕು. ಬಣ್ಣ ಹಚ್ಚಲೇಬೇಕೆನ್ನುವವರು ಪ್ರತಿಸಲವೂ ಪೊಟ್ಟಣದ ಮೇಲೆ ಹೇಳಿದ ಕ್ರಮದಲ್ಲಿ ಮೊದಲು ಒಂದು ಚುಕ್ಕೆಯಷ್ಟು ಚರ್ಮಕ್ಕೆ ಹಚ್ಚಿ ೪೮ ಗಂಟೆ ಕಾದು ನೋಡುವುದು ಕ್ಷೇಮ. ಹಿಂದೆ ಒಮ್ಮೆ ಬಾವು ಬಂದವರು ಮಾತ್ರ ಆ ಪರೀಕ್ಷೆಗೂ ಕೈಹಾಕದೆ ವೈದ್ಯರನ್ನೇ ಕೇಳಬೇಕು.

ಬಿಡಬೇಕೆಂದು ನಿಶ್ಚಯಿಸಿದವರ ಮುಂದಿನ ದಾರಿ ಯಾವುದು? ಇದಕ್ಕೆ ಒಂದು ಸಣ್ಣ ಲೆಕ್ಕ ಸಾಕು. ತಲೆಗೂದಲು ಸರಾಸರಿ ತಿಂಗಳಿಗೆ ಅರ್ಧ ಅಂಗುಲ ಬೆಳೆಯುತ್ತದೆ, ಎಂದರೆ ವರ್ಷಕ್ಕೆ ಆರು ಅಂಗುಲ. ಕಿವಿಯ ಮಟ್ಟಕ್ಕೆ ಕತ್ತರಿಸಿದ ಕೂದಲಾದರೆ ಒಂದು ವರ್ಷದೊಳಗೆ ಬಣ್ಣವೆಲ್ಲ ಕತ್ತರಿಗೆ ಸಿಕ್ಕಿ ಮುಗಿದೀತು. ಒಂದು ಮೊಳದ ಜಡೆಗೆ ಮೂರು ವರ್ಷ. ಸೊಂಟದ ಕೆಳಗೆ ಇಳಿಯುವ ಜಡೆಯಾದರೆ ಐದು ವರ್ಷವೂ ಹಿಡಿದೀತು. ಬಣ್ಣ ಕುಡಿದ ಕೂದಲು ತಾನಾಗಿ ಮತ್ತೆ ಬೆಳ್ಳಗಾಗುವುದಿಲ್ಲ. ಅದು ತುದಿಯಿಂದ ಕತ್ತರಿಸುತ್ತ ಹೋಗಿ ಕಳೆಯಬೇಕಾದ ಸಾಲ. ಬ್ಯೂಟಿ ಪಾರ್ಲರಿನಲ್ಲಿ ಕಪ್ಪನ್ನು ತಿಳಿಗೊಳಿಸಿ ಎರಡು ಬಣ್ಣಗಳ ನಡುವಣ ಗೆರೆಯನ್ನು ಮಸುಕುಮಾಡುವ ಉಪಾಯವೂ ಉಂಟು. ಅದಕ್ಕೆ ಹಣ ಬೇಕು, ಕೂದಲಿನ ಸತ್ತ್ವವೂ ಸ್ವಲ್ಪ ವ್ಯಯವಾಗುತ್ತದೆ. ಕೂದಲನ್ನು ಸ್ವಲ್ಪ ಗಿಡ್ಡ ಮಾಡಿಸುವುದು, ಬೈತಲೆಯ ಜಾಗವನ್ನು ಬದಲಿಸುವುದು, ತುರುಬು ಕಟ್ಟುವುದು, ಇವು ಖರ್ಚಿಲ್ಲದ ಉಪಾಯಗಳು. ತಲೆಯ ಮೇಲೆ ಸೆರಗು ಹೊದೆಯುವ ರೂಢಿಯಿರುವ ಹಿರಿಯರಿಗಂತೂ ಈ ಎರಡು ಬಣ್ಣದ ಕಾಲವು ಯಾರ ಕಣ್ಣಿಗೂ ಬೀಳದೆ ಕಳೆದುಹೋದೀತು.

ನರೆಯ ವಿಷಯದಲ್ಲಿ ಹಬ್ಬಿರುವ ಕೆಲವು ತಪ್ಪು ನಂಬಿಕೆಗಳನ್ನೂ ಇಲ್ಲಿಯೇ ತೊಡೆದುಹಾಕುವುದು ಮೇಲು. ಒಂದು ಬಿಳಿಗೂದಲು ಕಿತ್ತರೆ ಹತ್ತು ಹುಟ್ಟುತ್ತವೆಂಬುದು ಸುಳ್ಳು. ಕಿತ್ತ ಜಾಗದಲ್ಲಿ ಒಂದೇ ಹುಟ್ಟುತ್ತದೆ, ಬೆಳ್ಳಗೇ ಹುಟ್ಟುತ್ತದೆ. ದುಃಖದಿಂದ ಒಂದೇ ರಾತ್ರಿಯಲ್ಲಿ ತಲೆ ಬೆಳ್ಳಗಾಯಿತೆಂಬುದು ಕಥೆಗೆ ಸೊಗಸೇ ಹೊರತು ನಿಜವಲ್ಲ. ಹೊರಬಂದ ಕೂದಲಿಗೆ ಜೀವವಿಲ್ಲ, ಅದು ಸುದ್ದಿ ಕೇಳಿ ಬಣ್ಣ ಬದಲಿಸಲಾರದು. ಆದರೆ ಚಿಂತೆಗೂ ನರೆಗೂ ನಂಟೇ ಇಲ್ಲವೆನ್ನುವಂತಿಲ್ಲ. ತೀವ್ರವಾದ ಒತ್ತಡವು ಕೂದಲ ಬೇರಿನಲ್ಲಿ ಬಣ್ಣ ತಯಾರಿಸುವ ಕಣಗಳ ದಾಸ್ತಾನನ್ನೇ ಬರಿದುಮಾಡಬಲ್ಲುದೆಂದು ೨೦೨೦ರಲ್ಲಿ ಹಾರ್ವರ್ಡಿನ ವಿಜ್ಞಾನಿಗಳು ಇಲಿಗಳ ಮೇಲಿನ ಪ್ರಯೋಗದಿಂದ ತೋರಿಸಿದರು. ಇಪ್ಪತ್ತೈದರೊಳಗೇ ತಲೆ ನೆರೆತರೆ, ಎಂದರೆ ನಾವು ಬಾಲನೆರೆ ಎನ್ನುವುದು ಬಂದರೆ, ಬಣ್ಣದಂಗಡಿಗೆ ಹೋಗುವ ಮೊದಲು ವೈದ್ಯರಲ್ಲಿಗೆ ಹೋಗುವುದು ವಿವೇಕ. ಬಿ-೧೨ ಜೀವಸತ್ತ್ವದ ಕೊರತೆಯೋ ಥೈರಾಯಿಡ್ ಗ್ರಂಥಿಯ ತೊಂದರೆಯೋ ಅದರ ಹಿಂದೆ ಇರಬಹುದು.

ಇಷ್ಟೆಲ್ಲ ವಿಜ್ಞಾನವನ್ನು ತಿಳಿದ ಮೇಲೂ ನಮ್ಮ ಉಪಾಧ್ಯಾಯಿನಿಯವರ ಕಷ್ಟ ಕಳೆಯಲಿಲ್ಲ. ವೈದ್ಯರ ಮಾತಿಗೆ ತಲೆಬಾಗಿ ಬಣ್ಣ ಬಿಟ್ಟ ಎರಡನೆಯ ತಿಂಗಳಿಗೆ ನೆರೆಯವರು ಬಾಗಿಲಲ್ಲಿ ನಿಲ್ಲಿಸಿ, "ಯಾಕ್ರೀ ಅಕ್ಕಾರ, ಮೈಯಾಗ ಆರಾಮಿಲ್ಲೇನ್ರೀ?" ಎಂದು ಕನಿಕರದಿಂದ ಕೇಳಿದರು. ನಾಲ್ಕನೆಯ ತಿಂಗಳಲ್ಲಿ ಬೀಗಿತ್ತಿಯಾಗಲಿದ್ದವರು ಬಂದು ಹೋದ ಮೇಲೆ ನಾದಿನಿಯು, "ವೈನೀ, ಮದುವಿ ಫೋಟೋದಾಗ ಅತ್ತಿಗಿಂತ ಸೊಸೀನ ಮುದುಕಿ ಕಾಣ್ತಾಳಂತ ಮಂದಿ ಆಡ್ಕೋತಾರ" ಎಂದಳು. ಅತ್ತೆಯವರು ಎಪ್ಪತ್ತೆಂಟರಲ್ಲಿಯೂ ಬಣ್ಣ ತಪ್ಪಿಸಿದವರಲ್ಲ! ಪತಿರಾಯರು ಏನನ್ನೂ ಆಡಲಿಲ್ಲ. ಒಂದು ಸಂಜೆ ಹೊಸ ಪೊಟ್ಟಣವೊಂದನ್ನು ತಂದು ಕನ್ನಡಿಯ ಮುಂದಿಟ್ಟು ಹೊರಗೆ ಹೋದರು. ಮಾತಿಗಿಂತ ಅದೇ ಹೆಚ್ಚು ನೋಯಿಸಿತೆಂದು ಆಕೆ ನನಗೆ ಹೇಳಿದುದುಂಟು.

ಇಲ್ಲಿಯೇ ವಿಷಯದ ತಿರುಳಿರುವುದು. ಬಿಳಿಗೂದಲು ಯಾರಿಗೂ ನೋವು ಕೊಡುವುದಿಲ್ಲ. ಎರಡು ಬಣ್ಣದ ತಲೆಯನ್ನು ಹೊತ್ತು ಸಾವಿರ ಕಣ್ಣುಗಳ ಮುಂದೆ ನಡೆಯಬೇಕಾದ ಆ ಒಂದೆರಡು ವರ್ಷಗಳೇ ನೋವು. ಪೂರ್ತಿ ಬೆಳ್ಳಗಾದ ತಲೆಗೆ ಲೋಕವು ಕೈಮುಗಿಯುತ್ತದೆ. ಶಿವರಾಮ ಕಾರಂತರ ಬೆಳ್ಳಗಿನ ತಲೆಯನ್ನು ಕಂಡು ನಾವು ಗೌರವಿಸಲಿಲ್ಲವೇ? ಇಂದಿರಾ ಗಾಂಧಿಯವರ ಮುಂದಲೆಯ ಬಿಳಿಯ ಪಟ್ಟೆಯನ್ನು ದೇಶವೇ ಅವರ ಗುರುತೆಂದು ಸ್ವೀಕರಿಸಲಿಲ್ಲವೇ? ಆದರೆ ಸಾಮಾನ್ಯಳಾದ ಗೃಹಿಣಿಯ ಅರ್ಧ ಬೆಳ್ಳಗಾದ ತಲೆಯಲ್ಲಿ ಮಾತ್ರ ಲೋಕಕ್ಕೆ ರೋಗ ಕಾಣುತ್ತದೆ, ಅಲಕ್ಷ್ಯ ಕಾಣುತ್ತದೆ, ಬಡತನ ಕಾಣುತ್ತದೆ.

ಗಂಡಸರಿಗೆ ಈ ಕಾಟವಿಲ್ಲವೆನ್ನುವಂತಿಲ್ಲ. ಮೀಸೆಯ ಕಪ್ಪು ಮೇಲುತುಟಿಗೂ ಹತ್ತಿ, ಮದುವೆಯ ಮನೆಯಲ್ಲಿ ಬಿಸಿ ಸಾರು ಕುಡಿಯಲು ಹೆದರುವ ಹಿರಿಯರನ್ನು ನಾವೆಲ್ಲ ಕಂಡಿದ್ದೇವೆ. ಆದರೆ ಅವರು ಬಣ್ಣ ಬಿಟ್ಟರೆ "ಯಜಮಾನರಿಗೆ ಗಾಂಭೀರ್ಯ ಬಂತು" ಎನ್ನುತ್ತಾರೆ. ಹೆಂಡತಿ ಬಿಟ್ಟರೆ "ಅಯ್ಯೋ, ಎಷ್ಟು ಬೇಗ ವಯಸ್ಸಾಯಿತು" ಎನ್ನುತ್ತಾರೆ. ಇದು ನಮ್ಮಲ್ಲಿ ಮಾತ್ರವಿರುವ ರೋಗವೂ ಅಲ್ಲ. ೨೦೨೦ರ ಮಾರ್ಚ್ ೨೫ರಿಂದ ನಮ್ಮ ದೇಶವೆಲ್ಲ ಬಾಗಿಲು ಹಾಕಿಕೊಂಡಾಗ ಸಲೂನುಗಳೂ ಪಾರ್ಲರುಗಳೂ ಮುಚ್ಚಿ, ಎಷ್ಟೋ ಜನ ತಮ್ಮ ನಿಜವಾದ ಕೂದಲನ್ನು ಅನೇಕ ವರ್ಷಗಳ ಮೇಲೆ ಮೊದಲ ಸಲ ಕಂಡರು. ಅದೇ ಕಾಲದಲ್ಲಿ ಕೆನಡಾ ದೇಶದ ಪ್ರಸಿದ್ಧ ದೂರದರ್ಶನ ವಾರ್ತಾವಾಚಕಿ ಲೀಸಾ ಲಾಫ್ಲಾಮ್ ಬಣ್ಣ ನಿಲ್ಲಿಸಿ ಬೆಳ್ಳಿಯ ತಲೆಯಲ್ಲಿಯೇ ತೆರೆಯ ಮೇಲೆ ಬಂದರು. ೨೦೨೨ರ ಆಗಸ್ಟಿನಲ್ಲಿ, ಮೂವತ್ತೈದು ವರ್ಷಗಳ ಸೇವೆಯ ಬಳಿಕ, ಆಕೆಯ ಕರಾರನ್ನು ಸಂಸ್ಥೆಯು ಕೊನೆಗಾಣಿಸಿತು. ಕೂದಲು ಅದಕ್ಕೆ ಕಾರಣವಲ್ಲವೆಂದು ಸಂಸ್ಥೆ ಹೇಳಿತು. ಜನ ಅಷ್ಟು ಸುಲಭವಾಗಿ ಒಪ್ಪಲಿಲ್ಲ. ಅಲ್ಲಿನ ಕೆಲವು ದೊಡ್ಡ ಕಂಪನಿಗಳು ಆಕೆಯ ಪರವಾಗಿ ತಮ್ಮ ಲಾಂಛನಗಳಿಗೇ ಬೂದುಬಣ್ಣ ಕೊಟ್ಟು ಮೆರೆದವು. ನಮ್ಮ ಉಪಾಧ್ಯಾಯಿನಿಯವರಿಗೆ ಅಂಥ ಲಾಂಛನದ ಬೆಂಬಲ ಎಲ್ಲಿಂದ ಬರಬೇಕು? ಅವರ ಪಾಲಿಗೆ ಮನೆಯವರೇ ಲೋಕ.

ಹಾಗಾದರೆ ಎಲ್ಲರೂ ಬಣ್ಣ ಬಿಡಬೇಕೆಂದು ನಾನು ಬೋಧಿಸುತ್ತಿರುವೆನೇ? ಖಂಡಿತ ಇಲ್ಲ. ಕುಂಕುಮ, ಕಾಡಿಗೆ, ಹೂವುಗಳಂತೆ ಬಣ್ಣವೂ ಒಂದು ಅಲಂಕಾರ. ಒಗ್ಗುವವರು, ಇಷ್ಟಪಡುವವರು ಹಚ್ಚಿಕೊಂಡು ಸಂತೋಷವಾಗಿರಲಿ. ಇಷ್ಟದಿಂದ ಹಚ್ಚುವುದಕ್ಕೂ ಭಯದಿಂದ ಹಚ್ಚುವುದಕ್ಕೂ ಅಂತರವಿದೆ. ಕಣ್ಣು ಬಾತರೂ ನಿಲ್ಲಿಸಲು ಧೈರ್ಯ ಸಾಲದಿದ್ದರೆ ಅದನ್ನು ಅಲಂಕಾರವೆನ್ನುವುದು ಹೇಗೆ? ಅದು ಕಟ್ಟಲೇಬೇಕಾದ ಕಂದಾಯ.

ಗೂಗಲ್ಲಿನ ಸೀಮೆಯಲ್ಲಿ ನಿಂತು ಉತ್ತರ ಹುಡುಕೋಣವೆಂದೆನಲ್ಲವೇ? ಇದೇ ದೇವದುರ್ಗ, ಮಾನ್ವಿ ತಾಲ್ಲೂಕುಗಳು ನಮ್ಮ ದಾಸಸಾಹಿತ್ಯದ ತವರು. ಗೋಪಾಲದಾಸರು ಹುಟ್ಟಿದ ಮೊಸರಕಲ್ಲು ದೇವದುರ್ಗದ ಕಡೆಯದು. ವಿಜಯದಾಸರ ಚೀಕಲಪರ್ವಿ, ಜಗನ್ನಾಥದಾಸರ ಬ್ಯಾಗವಾಟ ಎರಡೂ ಮಾನ್ವಿಯ ಕಡೆಯವು. ಹರಿಕಥಾಮೃತಸಾರವನ್ನು ಬರೆದ ಜಗನ್ನಾಥದಾಸರು ಮೊದಲಿಗೆ ಶ್ರೀನಿವಾಸಾಚಾರ್ಯರೆಂಬ ಮಹಾಪಂಡಿತರಾಗಿದ್ದರು. ಅವರು ವಿಜಯದಾಸರನ್ನು ಕಡೆಗಣಿಸಿದ ಕಾರಣ ಉದರಶೂಲೆಯಿಂದ ನರಳಿ ಅಲ್ಪಾಯುಷಿಗಳಾಗಲಿದ್ದಾಗ, ಗೋಪಾಲದಾಸರು ತಮ್ಮ ಆಯುಷ್ಯದಲ್ಲಿ ನಲವತ್ತು ವರ್ಷಗಳನ್ನು ಅವರಿಗೆ ದಾನಮಾಡಿದರೆಂದು ಸಂಪ್ರದಾಯ ಹೇಳುತ್ತದೆ. ಆ ಆಯುಷ್ಯವನ್ನು ಜೋಳದ ರೊಟ್ಟಿಯಲ್ಲಿಟ್ಟು ಕೊಟ್ಟರೆಂದು ಹೇಳುವವರೂ ಉಂಟು. ೧೭೨೮ರಲ್ಲಿ ಹುಟ್ಟಿದ ಜಗನ್ನಾಥದಾಸರು ೧೮೦೯ರ ವರೆಗೆ ಬಾಳಿದರು.

ಪುರಾಣದ ಯಯಾತಿಯು ಮಗನಿಂದ ಯೌವನವನ್ನು ಬೇಡಿ ಪಡೆದನು. ನಮ್ಮ ಈ ಸೀಮೆಯ ಕಥೆಯಲ್ಲಿ ಒಬ್ಬರು ಇನ್ನೊಬ್ಬರಿಗೆ ಕೊಟ್ಟುದು ಯೌವನವನ್ನಲ್ಲ, ವರ್ಷಗಳನ್ನು. ನಲವತ್ತು ವರ್ಷ ಹೆಚ್ಚು ಬದುಕುವುದೆಂದರೆ ತಲೆ ನೆರೆಯುವವರೆಗೆ ಬದುಕುವುದೇ ಅಲ್ಲವೇ? ನರೆಯಿಲ್ಲದೆ ಆ ದಾನವನ್ನು ಸ್ವೀಕರಿಸಲು ಬರುವಂತಿಲ್ಲ. ನಂಬುವವರು ಇದನ್ನು ಮಹಿಮೆಯೆಂದು ನಂಬಲಿ, ನಂಬದವರು ಕಥೆಯೆಂದು ಕೇಳಲಿ. ಆದರೆ ಆಯುಷ್ಯವನ್ನು ಇಷ್ಟು ದೊಡ್ಡ ಕೊಡುಗೆಯೆಂದು ಬಗೆದ ನೆಲದಲ್ಲಿ, ಅದರ ಗುರುತನ್ನು ತಲೆಯ ಮೇಲೆ ಹೊತ್ತ ಹೆಂಗಸು ಮಗನ ಮದುವೆಯಲ್ಲಿ ಮುಖ ಮರೆಸಿಕೊಳ್ಳಬೇಕಾದುದು ನ್ಯಾಯವಲ್ಲವೆಂಬುದನ್ನು ಇಬ್ಬರೂ ಒಪ್ಪಬಹುದು.

ಆ ಮದುವೆ ವೈಶಾಖದಲ್ಲಿ ನಡೆಯಿತು. ಕನ್ನಡಿಯ ಮುಂದಿದ್ದ ಪೊಟ್ಟಣವನ್ನು ಒಡೆದವರು ಪತಿರಾಯರೇ, ತಮ್ಮ ಮೀಸೆಗಾಗಿ! ತಾಯಿ ಎರಡು ಬಣ್ಣದ ತಲೆಯಲ್ಲಿಯೇ ಬೀಗರನ್ನು ಎದುರುಗೊಂಡರು. ಯಾರು ಏನಂದರೆಂದು ನಾನು ಕೇಳಲಿಲ್ಲ. ಕಣ್ಣು ಮಾತ್ರ ಬಾತಿರಲಿಲ್ಲ.

ನಿಮ್ಮ ಮನೆಯಲ್ಲಿಯೂ ಯಾರಾದರೂ ಬಣ್ಣ ಬಿಡಲು ಮನಸ್ಸುಮಾಡಿದ್ದರೆ, ಅವರಿಗೆ ನೀವು ಮಾಡಬಹುದಾದ ಉಪಕಾರ ಸಣ್ಣದು. ಆರಾಮಿಲ್ಲವೇ ಎಂದು ಕೇಳಬೇಡಿ. ಹಳೆಯ ಫೋಟೋಗಳನ್ನು ಮುಂದಿಟ್ಟು ಹೋಲಿಸಬೇಡಿ. ಮಕ್ಕಳು "ಅಜ್ಜಿಯಂತೆ ಕಾಣುತ್ತೀ" ಎಂದರೆ ನಕ್ಕು ಅವರೊಡನೆ ಸೇರಿಕೊಳ್ಳಬೇಡಿ. ಹೊಸ ಪೊಟ್ಟಣವನ್ನಂತೂ ತರಲೇಬೇಡಿ. ಇಷ್ಟನ್ನು ಮನೆಯವರು ನಡೆಸಿಕೊಟ್ಟರೆ ಸಾಕು. ಉಳಿದ ಕೆಲಸವನ್ನು ತಿಂಗಳಿಗೆ ಅರ್ಧ ಅಂಗುಲದಂತೆ ಕೂದಲೇ ಮಾಡಿಕೊಳ್ಳುತ್ತದೆ.